ಕರುಳಿನಲ್ಲಿ ಉಳಿದ ಬಿಳಿ

9 ನವೆಂಬರ್ 1988, ಬುಧವಾರ

ಹರಿಹರದ ಬಸ್ಸು ಇವತ್ತೂ ತಡ. ಹೆಡ್‌ಮಾಸ್ತರು ಗಡಿಯಾರ ನೋಡಿದರು, ಬಾಯಿ ತೆರೆಯಲಿಲ್ಲ. ತೆರೆದರೆ ನಾನೂ ತೆರೆಯುತ್ತೇನೆಂದು ಗೊತ್ತು. ಎಂಟನೇ ತರಗತಿಗೆ ಹಕ್ಕುಗಳ ಪಾಠ. ಹಿಂದಿನ ಬೆಂಚಿನ ಹುಡುಗಿ ಎದ್ದು ಕೇಳಿದಳು— "ಇವೆಲ್ಲ ನಮಗೂ ಅದಾವೇನ್ರಿ ಟೀಚರ್?" ಅದಾವೆ, ಕಿತ್ಕೋಬೇಕು ಎಂದೆ. ಕ್ಲಾಸು ನಕ್ಕಿತು. ಅವಳು ನಗಲಿಲ್ಲ.

ಸಂಜೆ ದಾವಣಗೆರೆಗೆ ವಾಪಸು. ಮುನಾಫ್ ಗೋಡೆಗೆ ಒರಗಿ ಕೂತಿದ್ದ. ತಲೆಯಲ್ಲಿ ಕೂದಲು ಮತ್ತೆ ಬರುತ್ತಿದೆ. ಮೆತ್ತಗೆ, ಕೂಸಿನದರ ಹಾಗೆ. ವೆಲ್ಲೂರಿನ ದೊಡ್ಡಾಸ್ಪತ್ರೆಯಿಂದ ತಮ್ಮನನ್ನು ಕರೆದುಕೊಂಡು ಬಂದು ಎರಡು ವಾರ. ಆಗಸ್ಟ್‌ನಲ್ಲಿ ಅಲ್ಲಿ ನನ್ನ ಸೊಂಟದ ಎಲುಬಿಗೆ ಸೂಜಿ ಇಳಿಸಿ ಮಜ್ಜೆ ಹೀರಿದರು. ರಕ್ತದ ಹಾಗೇ ಇತ್ತು ನೋಡಲು. ಅವನ ತೋಳಿನ ನರಕ್ಕೆ ಬಿಟ್ಟರು. ಅವನ ಎಲುಬಿನಲ್ಲಿ ರಕ್ತ ಹುಟ್ಟುವುದೇ ನಿಂತುಹೋಗಿತ್ತು. ಈಗ ಹುಟ್ಟುತ್ತಿದೆ. ಹುಟ್ಟುತ್ತಿರುವುದು ನನ್ನದು. ಬಿ ರಕ್ತಗುಂಪಿನವನು ಓ ಆಗುತ್ತಿದ್ದಾನೆ. ನಮ್ಮ ಹೋರಾಟದ ಸಂಘದವರು, ಗಾದಿ ಹೊಲಿಯುವವರು, ಇಡೀ ಓಣಿ ಸೇರಿ ದುಡ್ಡು ಕೂಡಿಸಿ ಉಳಿಸಿಕೊಂಡ ಜೀವ.

"ಅಕ್ಕ, ಇನ್ನ ಮ್ಯಾಲೆ ನಾ ಸಿಟ್ಟಿಗೆದ್ರೆ ನನ್ನ ಬೈಯಂಗಿಲ್ಲ ನೋಡು. ಅದು ನಿನ್ನ ರಕ್ತದ ಸಿಟ್ಟು" ಎಂದ.

"ಹಂಗಾದ್ರೆ ಸೋಮಾರಿತನ ಯಾರದು?"

"ಅದು ಅಪ್ಪಂದು. ಅದನ್ನ ಯಾ ಡಾಕ್ಟ್ರೂ ತೆಗೆಯಾಕ ಆಗಂಗಿಲ್ಲ."

ಅವ್ವ ಒಳಗಿನಿಂದ ಬೈದಳು. ಸತ್ತವರ ಹೆಸರು ಹಿಡಿದು ನಗಬ್ಯಾಡ್ರಿ ಎಂದು. ಅಪ್ಪ ಹಯಾತ್ ಸಾಬ್ ಹತ್ತಿ ಹಿಂಜುತ್ತಿದ್ದ ಬಿಲ್ಲು ಇನ್ನೂ ಗೋಡೆಯ ಮೇಲಿದೆ. ಕುರಿಯ ಕರುಳು ಒಣಗಿಸಿ ಹೊಸೆದ ತಂತಿ. ಚಳಿಗಾಲದ ಒಣಗಾಳಿಗೆ ಬಿಗಿಯಾಗಿ ಒಮ್ಮೊಮ್ಮೆ ತಾನೇ ಮಿಡಿಯುತ್ತದೆ. ಡೊಂಯ್. ಮುಟ್ಟುವವರಿಲ್ಲದೆ.

ಡಿಸೆಂಬರ್ ಆರಕ್ಕೆ ಸಂಘದ ಜಾಥಾ. ಅಂಬೇಡ್ಕರ್ ತೀರಿಕೊಂಡ ದಿನ. ಹತ್ತಿ ಹಿಂಜುವ ನಮ್ಮ ಪಿಂಜಾರರ ಮೇಲೊಂದು ಹಾಡು ಬೇಕೆಂದು ಕೇಳಿದ್ದಾರೆ. ಬಿಲ್ಲಿನ ಬಡಿತಕ್ಕೆ ಕೂರಿಸುತ್ತಿದ್ದೇನೆ. ಎರಡು ಸಾಲು ಬಂದಿವೆ—

ಊರಿಗೆಲ್ಲ ಗಾದಿ ಹೊಲಿದು
ನೆಲದ ಮ್ಯಾಲೆ ಮಲಗಿದವರು

ಮೂರನೆಯದು ಬರುತ್ತಿಲ್ಲ.

ಮುನಾಫನಿಗೆ ನಿನ್ನೆಯಿಂದ ಭೇದಿ. ಹಸಿರು ನೀರು. ಊರಿನ ನೀರು ಒಗ್ಗಿಲ್ಲವೇನೋ.


12 ನವೆಂಬರ್, ಶನಿವಾರ

ಅರ್ಧ ದಿನ ಶಾಲೆ. ಬಂದಾಗ ಮುನಾಫ್ ಹಾಗಲಕಾಯಿ ಪಲ್ಯ ತಿನ್ನುತ್ತಿದ್ದ. ತಟ್ಟೆ ಒರೆಸಿ ಒರೆಸಿ. ಹುಟ್ಟಿದಾಗಿನಿಂದ ಹಾಗಲಕಾಯಿ ಕಂಡರೆ ಎದ್ದು ಹೋಗುತ್ತಿದ್ದವನು. ಆ ಪಲ್ಯ ಮನೆಯಲ್ಲಿ ನನಗೊಬ್ಬಳಿಗೇ ಬೇಕಾದದ್ದು.

ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮೆಲ್ಲಗೆ ಹೇಳಿದಳು— "ನೀನ ಅದೀಯವ್ವ ಅವನೊಳಗ."

"ಅವ್ವ, ಔಷಧಕ್ಕೆ ನಾಲಿಗೆ ಕೆಟ್ಟೈತೆ. ಅಷ್ಟ."

ಅಷ್ಟೇ. ಇನ್ನೇನು? ಓಣಿ ಓಣಿ ತಿರುಗಿ ಮಾಟ ಸುಳ್ಳು, ದೆವ್ವ ಸುಳ್ಳು, ತಾಯಿತ ಕಟ್ಟಿ ತಿನ್ನುವವರು ಕಳ್ಳರು ಎಂದು ಕೂಗಿದವಳು ನಾನು. ಕಲ್ಲೂ ತಿಂದಿದ್ದೇನೆ. ಒಂದು ಪಲ್ಯಕ್ಕೆ ಹೆದರಲೇ?

ತಿಂದದ್ದು ತಾಸಿನೊಳಗೆ ಹೊರಟುಹೋಯಿತು. ಹೊಟ್ಟೆ ಹಿಡಿದು ಕೂಗಿದ. ಹೋಗುವುದರಲ್ಲಿ ರಕ್ತ ಇದೆ.


15 ನವೆಂಬರ್, ಮಂಗಳವಾರ

ರಜೆ ಹಾಕಿದೆ. ಎಂ.ಸಿ.ಸಿ. ಬಡಾವಣೆ, ಡಾಕ್ಟರ್ ಕುಬೇರಪ್ಪನವರ ನರ್ಸಿಂಗ್ ಹೋಮ್. ಅವ್ವ ಮೆಟ್ಟಿಲ ಕೆಳಗೇ ಚಪ್ಪಲಿ ಬಿಟ್ಟಳು. ಹಾಕ್ಕೋ ಎಂದರೆ ಕೇಳಲಿಲ್ಲ. ಡಾಕ್ಟರು ಕೆಟ್ಟವರಲ್ಲ. ರಾತ್ರಿ ಕರೆದರೂ ಬರುವ ಮನುಷ್ಯ. ಆದರೆ ಮುಟ್ಟುವ ಮೊದಲೇ ವಿಳಾಸ ಕೇಳಿದರು. ವಿಳಾಸ ಕೇಳಿ ತಲೆ ಆಡಿಸಿದರು. ಆ ತಲೆ ಆಡಿಸುವಿಕೆ ನನಗೆ ಗೊತ್ತು. ಸ್ಕೂಲು, ಬ್ಯಾಂಕು, ಬಾಡಿಗೆ ಮನೆ— ಎಲ್ಲ ಕಡೆ ಅದೇ ತಲೆ.

ಕರುಳಿನ ಎಕ್ಸ್-ರೇ ತೆಗೆಯಬೇಕು ಎಂದರು. ಕರುಳು ಹಾಗೇ ಕಾಣುವುದಿಲ್ಲ. ಬೇರಿಯಂ ಅನ್ನುವ ಬಿಳಿ ನೀರು ಕುಡಿಸಬೇಕು. ಅದು ಇಳಿದ ಹಾಗೆ ಒಂದರ ಮೇಲೊಂದು ಪಟ. ಎರಡು ಬಾಟಲಿ ತರಿಸಿದರು. ಒಂದೇ ಸಾಕಾಯಿತು.

ಎಕ್ಸ್-ರೇ ಮೈಲಪ್ಪ ನಮ್ಮವನೇ. ಕೊಕ್ಕನೂರಿನವ. ಸಂಘದ ಸಭೆಗಳಲ್ಲಿ ಹಲಗೆ ಬಾರಿಸುತ್ತಾನೆ. ಮುನಾಫನನ್ನು ತಣ್ಣನೆ ಮೇಜಿನ ಮೇಲೆ ಮಲಗಿಸಿ, "ಉಸ್ರು ಹಿಡೀರಿ ಸಾಹುಕಾರ್ರೆ" ಎಂದ.

"ಇದು ಸುಣ್ಣ ಐತಲ್ಲೋ ಮೈಲಪ್ಪ. ಗ್ವಾಡಿಗೆ ಹೊಡೀಬೇಕಾಗಿದ್ದನ್ನ ನನಗ ಕುಡಿಸ್ತೀಯ."

"ಹಬ್ಬಕ್ಕೆ ಒಳಗಿಂದ ಬಣ್ಣ ಹೊಡದಂಗಾತು ಸುಮ್ಕಿರ್ರಿ."

ಮಧ್ಯಾಹ್ನ ಪಟಗಳನ್ನು ಬೆಳಕಿನ ಪೆಟ್ಟಿಗೆಗೆ ಸಿಕ್ಕಿಸಿದರು. ಕಪ್ಪು ಹಾಳೆಯಲ್ಲಿ ನನ್ನ ತಮ್ಮ. ಬೆನ್ನೆಲುಬು, ಸೊಂಟ, ನಡುವೆ ಬೆಳ್ಳಗೆ ಹೊಳೆಯುವ ಕೊಳವೆ, ಸುತ್ತಿ ಸುತ್ತಿ. ಅವ್ವ ಒಳಗೆ ಬಂದದ್ದನ್ನು ಯಾರೂ ನೋಡಿರಲಿಲ್ಲ. ಬಾಯಿಗೆ ಸೆರಗು ಹಿಡಿದಳು.

"ಯಾ ಅಲ್ಲಾ... ನೂರ್. ನನ್ನ ಮಗನ ಹೊಟ್ಟ್ಯಾಗ ಬೆಳಕು ಇಳದೈತೆ."

"ಅವ್ವ, ಅದು ಬೆಳಕಲ್ಲ. ಸುಣ್ಣದಂಥ ಔಷಧ."

ಅವಳಿಗೆ ಕೇಳಿಸಲಿಲ್ಲ. ಉಳಿದ ಬಾಟಲಿಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು.

ಕುಬೇರಪ್ಪ ಪೆನ್ನಿನ ತುದಿಯಿಂದ ತೋರಿಸಿದರು. ಆರೋಗ್ಯದ ಕರುಳಿನೊಳಗೆ ಸಣ್ಣ ಸಣ್ಣ ಮಡಿಕೆ ಇರುತ್ತವಂತೆ, ಪಟದಲ್ಲಿ ಹಕ್ಕಿಯ ಗರಿಯಂತೆ ಕಾಣುತ್ತವಂತೆ. ಮುನಾಫನಲ್ಲಿ ಒಂದೂ ಇಲ್ಲ. ನುಣ್ಣಗೆ, ಕಿರಿದಾಗಿ, ಟೇಪಿನ ಹಾಗೆ. ಹೊಲಿಗೆ ಬಿಚ್ಚಿ ಒಳಗಿನದೆಲ್ಲ ಜರಿದ ಗಾದಿ ನೆನಪಾಯಿತು.

"ಕರುಳಿನ ಟಿ.ಬಿ." ಎಂದರು. "ಹತ್ತಿ ಧೂಳು, ಪಿಂಜಾರ್ ಓಣಿ, ಒಂದೇ ರೂಮು. ಇಲ್ದಿದ್ರೆ ಆಶ್ಚರ್ಯ."

"ಪಟ ನೋಡಿ ಹೇಳ್ತೀರೋ, ಓಣಿ ನೋಡಿ ಹೇಳ್ತೀರೋ?"

"ಬಿಲ್ಕೀಸ್ ಟೀಚರ್, ಇದು ನಿಮ್ಮ ಸಭೆ ಅಲ್ಲ" ಎಂದರು. ನಗುತ್ತಲೇ.


17 ನವೆಂಬರ್, ಗುರುವಾರ

ವೆಲ್ಲೂರಿಗೆ ಟ್ರಂಕ್ ಕಾಲ್. ಎರಡು ತಾಸು ಕಾದಮೇಲೆ ಸಿಕ್ಕಿತು. ಕುಬೇರಪ್ಪ ಇಂಗ್ಲಿಷಿನಲ್ಲಿ ಕೂಗಿ ಕೂಗಿ ಮಾತಾಡಿದರು. ಆಮೇಲೆ ನನಗೆ ಬಿಡಿಸಿ ಹೇಳಿದರು. ಹೇಳುವ ತಾಳ್ಮೆ ಇದೆ ಆ ಮನುಷ್ಯನಿಗೆ, ಒಪ್ಪಬೇಕು.

ಎರಡರಲ್ಲಿ ಒಂದು. ಟಿ.ಬಿ. ಆಗಿದ್ದರೆ ನಾಟಿಯಾದಾಗಿನಿಂದ ಅವನು ನುಂಗುತ್ತಿರುವ ಸ್ಟಿರಾಯ್ಡ್ ಮಾತ್ರೆ ಇಳಿಸಬೇಕು, ಇಲ್ಲವಾದರೆ ಟಿ.ಬಿ. ಮೈಯೆಲ್ಲ ಹರಡಿ ಸಾಯುತ್ತಾನೆ. ಇನ್ನೊಂದು— ನಾಟಿ ಮಾಡಿದ ಮಜ್ಜೆಯೇ ತಿರುಗಿಬಿದ್ದಿರುವುದು. ಹಾಗಾಗಿದ್ದರೆ ಸ್ಟಿರಾಯ್ಡ್ ಏರಿಸಬೇಕು, ಇಲ್ಲವಾದರೆ ಸಾಯುತ್ತಾನೆ. ಕರುಳಿನ ಚೂರು ಕಿತ್ತು ನೋಡೋಣವೆಂದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಉಳಿದದ್ದು ಪಟವೊಂದೇ. ಕುಬೇರಪ್ಪನವರ ಕಣ್ಣಿಗೆ ಪಟ ಟಿ.ಬಿ. ಎನ್ನುತ್ತಿದೆ. ಕಾಣದ ಪಟದ ಬಗ್ಗೆ ವೆಲ್ಲೂರಿನವರು ಏನು ಹೇಳಿಯಾರು? ಒಪ್ಪಿದರು. ಪಟಗಳನ್ನು ಕಳಿಸಿ ಎಂದರು. ಇವತ್ತೇ ಅಂಚೆಗೆ ಹಾಕಿದ್ದಾರೆ.

ಸ್ಟಿರಾಯ್ಡ್ ಅರ್ಧ ಆಯಿತು. ಟಿ.ಬಿ. ಮಾತ್ರೆ ಶುರು.

ತಿರುಗಿಬೀಳುವುದು ಅಂದರೆ ಏನು ಎಂದು ಕೇಳಬೇಕಿತ್ತು. ಕೇಳಲಿಲ್ಲ.


20 ನವೆಂಬರ್, ಭಾನುವಾರ

ಹೊಸ ಮಾತ್ರೆಗೆ ಮುನಾಫನ ಉಚ್ಚೆ ಕೆಂಪು. ಕಣ್ಣೀರು ಕೂಡ ಕಿತ್ತಳೆ ಬಣ್ಣ. ಹಾಗೆ ಆಗುತ್ತದೆ ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವ್ವನಿಗೂ ಹೇಳಿದ್ದೆ. ಆದರೂ ಅವಳು ದಿಂಬಿನ ಮೇಲಿನ ಕಲೆ ನೋಡಿ ಕೂತುಬಿಟ್ಟಳು.

ಮಧ್ಯಾಹ್ನ ಜ್ವರದಲ್ಲಿ ಮಲಗಿದ್ದ. ನಾನು ಬೆನ್ನು ಹಾಕಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಹಿಂದಿನಿಂದ ಮಾತು—

"ಇವೆಲ್ಲ ನಮಗೂ ಅದಾವೇನ್ರಿ ಟೀಚರ್?"

ತಿರುಗಿದೆ. ಕಣ್ಣು ಮುಚ್ಚಿದ್ದವು. ತುಟಿ ಅಲುಗುತ್ತಿತ್ತು. ಆಮೇಲೆ ನನ್ನದೇ ಗಡುಸು ದನಿಯಲ್ಲಿ— "ಅದಾವೆ. ಕಿತ್ಕೋಬೇಕು."

ಆ ಹುಡುಗಿಯ ವಿಷಯ ಮನೆಯಲ್ಲಿ ಹೇಳಿದ್ದೇನೆಯೇ? ಹೇಳಿರಬೇಕು. ಊಟ ಮಾಡುವಾಗ ಹೇಳಿರಬೇಕು. ಅವ್ವನನ್ನು ಕೇಳಿದೆ. ಯಾವ ಹುಡುಗಿ ಎಂದಳು.

ನಿದ್ದೆಯಲ್ಲಿ ನಾನೇ ಬಡಬಡಿಸಿರಬಹುದು. ಗೋಡೆ ತೆಳು. ಮನುಷ್ಯನಿಗೆ ಜ್ವರ ಬಂದರೆ ಕೇಳಿದ್ದೆಲ್ಲ ಹೊರಗೆ ಬರುತ್ತದೆ. ಸಾಕು.

ಅವನ ತಲೆಯ ಹತ್ತಿರ ಆ ಬೇರಿಯಂ ಬಾಟಲಿ ಇದೆ. ಅವ್ವ ಇಟ್ಟಿದ್ದಾಳೆ, ಬೆಳಕು ಅಂತ. ತಳದಲ್ಲಿ ಅರ್ಧಕ್ಕೂ ಕಡಿಮೆ ಬಿಳಿ, ಮೇಲೆ ತಿಳಿನೀರು. ಗಾಜಿನ ಮೇಲೆಲ್ಲ ಬಿಳಿ ಬೆರಳ ಗುರುತು. ಬಿಸಾಡಬೇಕು.

ಬಿಲ್ಲು ಎರಡು ಸಲ ಮಿಡಿಯಿತು.


24 ನವೆಂಬರ್, ಗುರುವಾರ

ನಾಲ್ಕು ದಿನ ಬರೆಯಲಾಗಲಿಲ್ಲ. ಕೈಯಲ್ಲಿ ಬರೀ ಬಟ್ಟೆ ಒಗೆಯುವ ಕೆಲಸ. ಮುನಾಫನ ಹೊಟ್ಟೆ ಊದಿ ಬಿಗಿದಿದೆ. ಅಂಗೈ ಕೆಂಪಾಗಿ ಸಿಪ್ಪೆ ಏಳುತ್ತಿದೆ. ಆಟೋದಲ್ಲಿ ಹಾಕಿಕೊಂಡು ಹೋದೆವು. ಕುಬೇರಪ್ಪ ಅಡ್ಮಿಟ್ ಮಾಡಿದರು. ಕರುಳು ಕಟ್ಟಿದೆಯೋ ಏನೋ, ಒಂದು ಬರೀ ಎಕ್ಸ್-ರೇ ತೆಗೆ ಎಂದು ಮೈಲಪ್ಪನಿಗೆ ಹೇಳಿದರು. ಏನೂ ಕುಡಿಸದೆ.

ಮೈಲಪ್ಪ ಕತ್ತಲೆಕೋಣೆಯಿಂದ ಹೊರಗೆ ಬಂದ. ಹನಿ ಇಕ್ಕುವ ಪಟ ಕೈಯಲ್ಲಿ. ಮುಖದಲ್ಲಿ ರಕ್ತ ಇರಲಿಲ್ಲ.

"ಅಕ್ಕಾರ... ಒಂದೀಟು ಬರ್ರಿ."

ಬೆಳಕಿಗೆ ಹಿಡಿದ. ಏನೂ ಕುಡಿಯದ ಹೊಟ್ಟೆಯಲ್ಲಿ ಬಿಳಿ. ಒಂಬತ್ತು ದಿನದ ಹಿಂದೆ ಕುಡಿದದ್ದು, ನೂರು ಸಲ ಹೊರಗೆ ಹೋದ ಹೊಟ್ಟೆ ಅದು. ಆದರೂ ಅದೇ ಕೊಳವೆ, ಅದೇ ಸುತ್ತು. ಈಗ ಒಳಗೆ ಟೊಳ್ಳು. ಅಂಚಿಗೆ ಮಾತ್ರ ಜೋಡಿ ಗೆರೆ, ಸೀಮೆಸುಣ್ಣದಿಂದ ಎಳೆದ ಹಾಗೆ. ಕರುಳು ಎದ್ದು ಹೋಗಿ ಕರುಳಿನ ದೆವ್ವ ಉಳಿದ ಹಾಗೆ.

ನಾನು ಈ ಪದ ಬರೆದೆನೇ. ಇರಲಿ.

ಕುಬೇರಪ್ಪ ಮೈಲಪ್ಪನ ಮೇಲೆ ಎಗರಿದರು. "ಹಳೇ ಫಿಲ್ಮು ಬೆರಸೀಯೇನಲೇ?"

"ಇಲ್ರೀ ಸಾರ್, ಹೊಸಾ ಡಬ್ಬಿ. ನನ್ನ ಕೈಯ್ಯಾರೆ ಒಡದೀನಿ."

"ಇನ್ನೊಂದು ತೆಗಿ."

ಇನ್ನೊಂದು ತೆಗೆದ. ಅದೇ. ಆ ಗೆರೆ ಒಂದು ಕೂದಲಷ್ಟೂ ಅಲುಗಿರಲಿಲ್ಲ. ಮೈಲಪ್ಪ ಮೂಲೆಗೆ ಸರಿದು ನಿಂತ. ಸಭೆಯಲ್ಲಿ ಹಲಗೆ ಹರಿಯುವ ಹಾಗೆ ಬಾರಿಸುವವನು, ತಂತಿ ಮೇಲಿನ ಕಾಗೆಯ ಹಾಗೆ ಮುದುರಿದ್ದ.

"ಹಂಗಾದ್ರೆ ಮನ್ಯಾಗ ಯಾರೋ ಮತ್ತೆ ಬೇರಿಯಂ ಕುಡಿಸ್ಯಾರೆ" ಎಂದರು ಕುಬೇರಪ್ಪ.

ಬಾಟಲಿ ಕಣ್ಣ ಮುಂದೆ ಬಂತು. ಅರ್ಧ ಬಿಳಿ, ಅರ್ಧ ನೀರು. ಬೆರಳ ಗುರುತು.

"ಅವ್ವಾ!" ಎಂದೆ. ವಾರ್ಡೆಲ್ಲ ತಿರುಗಿ ನೋಡಿತು. "ಏನ್ ಕುಡಿಸೀಯ ಅವನಿಗೆ?"

"ನಾ ಏನೂ ಕುಡಿಸಿಲ್ಲವ್ವ."

"ಬಾಟ್ಲಿ ಅರ್ಧ ಖಾಲಿ ಆಗೈತೆ! ಕುಡಿಸಿ ನೀರು ತುಂಬಿ ಇಟ್ಟೀಯ. ನಾ ಕಣ್ಣಾರೆ ನೋಡೀನಿ. ನೂರ್ ಅಂತ ನೂರ್! ಸುಣ್ಣ ಕುಡಿಸಿ ಮಗನ್ನ ಕೊಲ್ಲಾಕ ಹತ್ತೀಯಲ್ಲ, ನಿನ್ನ ಈ ಮೂಢತನ—"

ಅವ್ವ ನನ್ನ ಮುಖ ನೋಡಿದಳು. ಬರಿಗಾಲಲ್ಲಿ ಮೆಟ್ಟಿಲಿಳಿದು ಹೋಗಿ ಬೇವಿನ ಗಿಡದ ಕೆಳಗೆ ಕೂತಳು.

ಕುಬೇರಪ್ಪ ಪಟ ಕಿತ್ತು ಬದಿಗಿಟ್ಟರು. ಮತ್ತೆ ಕುಡಿಸಿದ್ದಾದರೆ ಈ ಪಟಕ್ಕೆ ಅರ್ಥವಿಲ್ಲ ಎಂದರು. ಟಿ.ಬಿ. ಮಾತ್ರೆಯೇ ಮುಂದುವರಿಯಲಿ.


25 ನವೆಂಬರ್, ಶುಕ್ರವಾರ

ಅವ್ವ ಮಾತಾಡುತ್ತಿಲ್ಲ. ಗಂಜಿ ತರುತ್ತಾಳೆ, ಬಾಗಿಲಲ್ಲಿ ಇಡುತ್ತಾಳೆ, ಹೋಗುತ್ತಾಳೆ. ಮಗನನ್ನು ದೂರದಿಂದ ನೋಡುತ್ತಾಳೆ, ನೋಡಲು ಅಪ್ಪಣೆ ಬೇಕಾದವಳ ಹಾಗೆ.

ವೆಲ್ಲೂರಿಗೆ ಹಾಕಿದ ಅಂಚೆ ಮುಟ್ಟಿದ ಸುದ್ದಿ ಇಲ್ಲ. ರೈಲಿಗೆ ಹಾಕಿ ಒಯ್ಯೋಣವೆಂದರೆ ದಾರಿ ತಡೆಯುವುದಿಲ್ಲ ಎನ್ನುತ್ತಾರೆ ಕುಬೇರಪ್ಪ. ಮುನಾಫ್ ಕೈ ಹಿಡಿದು ಹೇಳಿದ—

"ಅಕ್ಕ, ಒಳಗ ಯಾರೋ ಹತ್ತಿ ಹಿಂಜಿದಂಗ ಆಗ್ತೈತೆ. ತಾಳ ಹಿಡದು. ನಿನ್ನ ಹಾಡಿನ ತಾಳ ಅದು."

ಹಾಡು ಅವನಿಗೆ ತೋರಿಸಿಲ್ಲ ನಾನು.

ಅವನ ಹೊಟ್ಟೆಯ ಮೇಲೆ ಕೈ ಇಟ್ಟೆ. ಇದ್ದಕ್ಕಿದ್ದಂತೆ ನನ್ನ ಸೊಂಟದ ಎಲುಬು, ಆ ಸೂಜಿಯ ಜಾಗ, ಚಳುಕು ಹೊಡೆಯಿತು. ಕೈ ತೆಗೆದೆ. ಚಳುಕು ನಿಂತಿತು. ಮತ್ತೆ ಇಡಲಿಲ್ಲ.


27 ನವೆಂಬರ್, ಭಾನುವಾರ. ಬೆಳಿಗ್ಗೆ

ಮನೆಗೆ ಬಂದೆ, ಚಾದರ ಒಗೆಯಲು. ಅವನ ಹಾಸಿಗೆಯ ತಲೆದೆಸೆಯಲ್ಲಿ ಬಾಟಲಿ. ಎತ್ತಿದೆ, ಗಟಾರಕ್ಕೆ ಸುರಿಯೋಣವೆಂದು. ಕಲ್ಲಿನಂತೆ ಭಾರ. ಕೈಯಲ್ಲಿ ಅಡ್ಡವಾಯಿತು. ತಳದ ಬಿಳಿ ಹೊಗೆಯ ಹಾಗೆ ಎದ್ದಿತು. ಅಲುಗಾಡಿಸಿದೆ. ಕತ್ತಿನವರೆಗೂ ಬಿಳಿ. ತಿಳಿನೀರಿನ ಸುಳಿವೇ ಇಲ್ಲ. ತುಂಬಿದ ಬಾಟಲಿ.

ಮುಚ್ಚಳ ನೋಡಿದೆ. ಸುತ್ತಲಿನ ತಗಡಿನ ಪಟ್ಟಿ ಕಂಪನಿ ಹಚ್ಚಿದ್ದು ಹಚ್ಚಿದ ಹಾಗೇ ಇದೆ. ಒಂದು ಗೀರು ಇಲ್ಲ. ಗಾಜಿನ ಮೇಲಿನ ಬೆರಳ ಗುರುತು ಮೊದಲ ಬಾಟಲಿ ಸುರಿದ ಮೈಲಪ್ಪನ ಕೈಯದಿರಬೇಕು.

ಭಾರವಾದದ್ದು ತಳಕ್ಕೆ ಇಳಿದಿತ್ತು. ಅಷ್ಟೇ. ಕೆರೆಯ ನೀರು ಬಿಂದಿಗೆಯಲ್ಲಿಟ್ಟರೆ ಮಣ್ಣು ಇಳಿಯುತ್ತದೆ ಎಂದು ಮಕ್ಕಳಿಗೆ ಕಲಿಸುವವಳು ನಾನು.

ಹಾಗಾದರೆ ಯಾರೂ ಏನೂ ಕುಡಿಸಿಲ್ಲ. ಆ ಬಿಳಿ ಮೊದಲ ದಿನದ್ದೇ. ಹೋಗದೆ ಅಲ್ಲೇ ಕೂತದ್ದು.

ಅವ್ವ ಒಲೆಯ ಮುಂದೆ ಇದ್ದಳು. ಬಾಟಲಿ ಹಿಡಿದು ನಿಂತೆ. ಅವಳೇ ಹೇಳಿದಳು, ಬೆಂಕಿ ನೋಡುತ್ತಾ—

"ಬೆಳಕನ್ನ ಬೆಳಕು ಕಾಯ್ತೈತೆ ಅಂತ ತಲಿ ಹತ್ರ ಇಟ್ಟೆ. ಕುಡಿಸಾಕ ನಾನೇನು ಡಾಕ್ಟ್ರೇನು?"

"ಮತ್ತೆ ಯಾಕ ಹೇಳ್ಲಿಲ್ಲ ಅವ್ವ?"

"ಹೇಳಿದ್ನಲ್ಲ. ನೀ ಕೇಳಲಿಲ್ಲ. ನೀ ಭಾಷಣ ಮಾಡ್ತಿದ್ದಿ."

ಆಟೋಕ್ಕೂ ಕಾಯದೆ ಬಾಟಲಿ ಹಿಡಿದು ಡಾಕ್ಟರ ಹತ್ತಿರ ಹೋಗುತ್ತಿದ್ದೇನೆ.


ಅದೇ ದಿನ, ಸಂಜೆ

ಕುಬೇರಪ್ಪ ಬಾಟಲಿಯನ್ನು ಕಿಟಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಮುಚ್ಚಳ ತಿರುಗಿಸಿ ತಿರುಗಿಸಿ ನೋಡಿದರು. ಆಮೇಲೆ ಬದಿಗಿಟ್ಟಿದ್ದ ಪಟ ಮತ್ತೆ ಬೆಳಕಿನ ಪೆಟ್ಟಿಗೆಗೆ. ಕೂತರು. ಟ್ರಂಕ್ ಕಾಲ್ ಅರ್ಜೆಂಟ್.

ಈ ಸಲ ಅವರು ಕೂಗಲಿಲ್ಲ. ಬರೀ ಕೇಳಿಸಿಕೊಂಡರು.

ಫೋನಿಟ್ಟು ಹೇಳಿದರು— ಟಿ.ಬಿ. ಅಲ್ಲ. ಕರುಳಿನ ಒಳಪದರ ಸುಲಿದುಹೋಗಿದೆ. ಆ ಬೆತ್ತಲೆ ಗೋಡೆಗೆ ಬೇರಿಯಂ ಅಂಟಿಕೊಂಡಿದೆ, ಹಸಿ ಗಾಯಕ್ಕೆ ಹತ್ತಿ ಅಂಟಿದ ಹಾಗೆ. ಇಷ್ಟು ದಿನ ಅಂಟಿ ಕೂತಿದೆ ಎಂದರೆ ಅದು ಒಂದನ್ನೇ ಹೇಳುತ್ತದಂತೆ— ಮಜ್ಜೆ ತಿರುಗಿಬಿದ್ದಿದೆ. ಅಂಚೆಯ ಪಟಗಳೂ ನಿನ್ನೆ ಮುಟ್ಟಿವೆಯಂತೆ. ಮಡಿಕೆ ಮಾಯವಾದದ್ದಕ್ಕೂ ಅದೇ ಕಾರಣವೆಂದು ವೆಲ್ಲೂರಿನವರಿಗೆ ಅನುಮಾನ ಬಂದಿತ್ತಂತೆ. ಕೂಡಲೇ ಸ್ಟಿರಾಯ್ಡ್, ಸೂಜಿಯಲ್ಲಿ, ಇದ್ದದ್ದಕ್ಕಿಂತ ಹಲವು ಪಟ್ಟು.

"ಗುರುವಾರನ ಹಾಕ್ಬೇಕಿತ್ತು" ಎಂದರು. ತಮಗೆ ತಾವೇ. ನನಗೂ.

ಗುರುವಾರದಿಂದ ಭಾನುವಾರ. ಅಷ್ಟು ದಿನ ಅವನ ಕರುಳು ಸುಲಿಯುತ್ತಿತ್ತು. ಓಣಿ ನೋಡಿ ಅವರು ಟಿ.ಬಿ. ಎಂದರು. ಸೆರಗು ನೋಡಿ ನಾನು ಮೂಢತನ ಎಂದೆ.


28 ನವೆಂಬರ್, ಸೋಮವಾರ

ಕೇಳಿಯೇಬಿಟ್ಟೆ. ತಿರುಗಿಬೀಳುವುದು ಅಂದರೆ ಏನು ಡಾಕ್ಟ್ರೆ?

ಕುಬೇರಪ್ಪ ಕನ್ನಡಕ ಒರೆಸಿದರು. "ನಿಮ್ಮ ಮಜ್ಜೆ ಅವನ ಮೈಯಾಗ ಮನಿ ಮಾಡೈತೆ. ಮನಿ ಮಾಡಿದ್ಮ್ಯಾಲೆ ಕಾವಲಿಗೆ ನಿಂತೈತೆ. ಕಾವಲಿನೋರು ಅವನ ಕರುಳು ನೋಡಿ, ಇದು ನಮ್ಮದಲ್ಲ, ಹೊರಗಿಂದು ಅಂತಾರೆ. ಕಿತ್ತು ಹಾಕ್ತಾರೆ."

"ನನ್ನ ಕಾವಲಿನೋರು."

"ಹಂಗ್ ತಗಾಬ್ಯಾಡ್ರಿ ಟೀಚರ್."

ಹೇಗೆ ತಗೊಳ್ಳಲಿ? ಹೊರಗಿನವರು, ಹೊರಗೆ ಹೋಗಿ ಎಂದು ನಮಗೆ ಕೂಗಿದವರ ವಿರುದ್ಧ ಎಷ್ಟು ಕರಪತ್ರ ಬರೆದೆ. ಎಷ್ಟು ಬೀದಿಯಲ್ಲಿ ನಿಂತೆ. ನನ್ನ ಎಲುಬಿನ ನಡುವಿನಲ್ಲಿ ಹುಟ್ಟುವುದು ಅದೇ ಮಾತು ಕಲಿತು, ನನ್ನ ತಮ್ಮನ ಮನೆಗೆ ಹೋಗಿ, ಅವನಿಗೇ ನೀನು ಹೊರಗಿನವ ಎನ್ನುತ್ತಿದೆ. ಹಾಗಲಕಾಯಿ ತಿಂದವಳು ನಾನು. ತಾಳ ಹಿಡಿದು ಒಳಗೆ ಹಿಂಜುತ್ತಿರುವವಳು ನಾನು. ಅವ್ವ ಆ ಪಲ್ಯದ ದಿನವೇ ಹೇಳಿದ್ದಳು.

ರಕ್ತಕ್ಕೆ ಬುದ್ಧಿ ಇಲ್ಲ. ರಕ್ತಕ್ಕೆ ಮಾತು ಬರುವುದಿಲ್ಲ. ಇದನ್ನು ಮೂರು ಸಲ ಹೇಳಿಕೊಂಡೆ.

ಕಿಟಕಿಯಿಂದ ನೋಡಿದೆ. ಅವ್ವ ಹಾಸಿಗೆಯ ಹತ್ತಿರ ಬಂದು ಕೂತಿದ್ದಾಳೆ. ಮುನಾಫ್ ನಿದ್ದೆಯಲ್ಲಿ ಅವಳ ಸೆರಗು ಹಿಡಿದಿದ್ದಾನೆ. ಹಿಡಿದ ರೀತಿ— ಹೆಬ್ಬೆರಳಿಗೆ ಸುತ್ತಿಕೊಂಡು. ಚಿಕ್ಕಂದಿನಲ್ಲಿ ಹಾಗೆ ಹಿಡಿಯುತ್ತಿದ್ದದ್ದು ಅವನಲ್ಲ.

ಒಳಗೆ ಹೋಗಲಿಲ್ಲ.


6 ಡಿಸೆಂಬರ್, ಮಂಗಳವಾರ

ಜಾಥಾಕ್ಕೆ ಹೋಗಲಿಲ್ಲ. ಜಾಥಾವೇ ಬಂತು. ನರ್ಸಿಂಗ್ ಹೋಮಿನ ಮುಂದಿನ ರಸ್ತೆಯಲ್ಲಿ ಹಲಗೆಯ ಸದ್ದು. ಮೈಲಪ್ಪ ಡ್ಯೂಟಿ ಬಿಟ್ಟು ಓಡಿಹೋಗಿ ಸೇರಿಕೊಂಡಿದ್ದ. ಮೈಲಪ್ಪನ ಕೈಯಲ್ಲಿ ಕಳಿಸಿದ್ದ ನನ್ನ ಎರಡು ಸಾಲನ್ನೇ ಹಾಡುತ್ತಿದ್ದರು. ಮೂರನೆಯದಿಲ್ಲದ ಜಾಗದಲ್ಲಿ ಹಲಗೆ ಬಾರಿಸಿ ತುಂಬಿಸುತ್ತಿದ್ದರು.

ಮುನಾಫ್ ತಲೆ ಎತ್ತಿದ. ಎಷ್ಟು ದಿನದ ಮೇಲೆ.

"ಅಕ್ಕ, ಅಲ್ಲಿ ಒಂದು ಸಾಲು ಬಿಟ್ಟಾರೆ."

"ಬಿಟ್ಟಿಲ್ಲ. ಬರೆದಿಲ್ಲ."

"ಬರದೀಯಲ್ಲ" ಎಂದ. ಸುಳ್ಳು ಹೇಳುವವಳನ್ನು ನೋಡುವ ಹಾಗೆ ನೋಡಿದ.

ಭೇದಿ ಕಡಿಮೆ. ರಕ್ತ ಕಾಣಲಿಲ್ಲ. ಕುಡಿದ ಗಂಜಿ ಹೊಟ್ಟೆಯಲ್ಲಿ ನಿಂತಿತು. ಬರೆದರೆ ಎಲ್ಲಿ ಕೇಳಿಸಿಬಿಡುತ್ತದೋ ಎಂದು ಮೆಲ್ಲಗೆ ಬರೆಯುತ್ತಿದ್ದೇನೆ. ಯಾರಿಗೆ ಕೇಳಿಸೀತು? ನನ್ನ ರಕ್ತಕ್ಕೇ?


16 ಡಿಸೆಂಬರ್, ಶುಕ್ರವಾರ. ಮಧ್ಯಾಹ್ನ

ಬೆಳಿಗ್ಗೆ ಮತ್ತೊಂದು ಬರೀ ಎಕ್ಸ್-ರೇ. ಬಿಳಿ ಹೋಗಿದ್ದರೆ ಬದುಕು, ಉಳಿದಿದ್ದರೆ... ಕುಬೇರಪ್ಪ ಮುಗಿಸಲಿಲ್ಲ. ಕತ್ತಲೆಕೋಣೆಯ ಒಳಗೆ ಬಿಡಿ ಎಂದು ಮೈಲಪ್ಪನನ್ನು ಕೇಳಿದೆ. ಕೆಂಪು ದೀಪ. ಹುಳಿ ವಾಸನೆ. ಪಟ ಔಷಧದ ನೀರಿನಲ್ಲಿ ಮುಳುಗಿತ್ತು. ಮೊದಲು ಬೆನ್ನೆಲುಬು ಎದ್ದಿತು. ಆಮೇಲೆ ಸೊಂಟ. ನಾನೂ ಅವನೂ ಬಾಗಿ ನಿಂತೆವು. ಹೊಟ್ಟೆಯ ಜಾಗ ಕಪ್ಪಾಯಿತು. ಇನ್ನೂ ಕಪ್ಪಾಯಿತು.

"ಇಲ್ರೀ ಅಕ್ಕಾರ" ಎಂದ ಮೈಲಪ್ಪ. "ಬಿಳಿ ಇಲ್ಲ." ಅವನಿಗೆ ಅಳು ಬಂದಿತ್ತು.

ಒಳಪದರ ಮತ್ತೆ ಬಂದಿದೆ, ಅಂಟಿದ್ದೆಲ್ಲ ಕಳಚಿಹೋಗಿದೆ ಎಂದರು ಕುಬೇರಪ್ಪ. ಮನೆಗೆ ಒಯ್ಯಿರಿ, ಹೊಸ ವರ್ಷಕ್ಕೆ ವೆಲ್ಲೂರಿಗೆ ಹೊರಡಿ. ಅವ್ವನಿಗೆ ಕುರ್ಚಿ ಎಳೆದು, "ಕೂಡ್ರಿ ಸುಗ್ರಾಬಿಯವರೆ" ಎಂದರು. ಅವ್ವ ಕೂಡಲಿಲ್ಲ. ಬೆಳಕಿನ ಪೆಟ್ಟಿಗೆಯ ಮೇಲಿನ ಕಪ್ಪು ಹೊಟ್ಟೆ ನೋಡುತ್ತಿದ್ದಳು. ಒಮ್ಮೆಲೇ ಎದೆ ಬಡಿದುಕೊಂಡಳು.

"ಆರಿಹೋತಲ್ಲೋ! ನನ್ನ ಮಗನ ಬೆಳಕು ಆರಿಹೋತಲ್ಲೋ!"

ಸೆರಗಿನಿಂದ ಆ ಬಾಟಲಿ ತೆಗೆದಳು. ಹೊತ್ತುಕೊಂಡೇ ಬಂದಿದ್ದಾಳೆ. ಡಾಕ್ಟರ ಮುಂದೆ ಹಿಡಿದಳು. "ನಾ ಮುಟ್ಟಿಲ್ರೀ ಯಪ್ಪಾ. ನೀವ ನಿಮ್ಮ ಕೈಯ್ಯಾರೆ ಕುಡಿಸ್ರಿ. ಮತ್ತೆ ಹಚ್ರಿ."

ಕುಬೇರಪ್ಪ ನನ್ನ ಮುಖ ನೋಡಿದರು. ಅವ್ವನ ಕೈಯನ್ನು ಬಾಟಲಿ ಸಮೇತ ಹಿಡಿದುಕೊಂಡೆ. ಆಟೋದಲ್ಲಿ ಮನೆಯವರೆಗೂ ಬಿಡಲಿಲ್ಲ.

ಈಗ ಅವಳು ನಮಾಜಿಗೆ ಕೂತಿದ್ದಾಳೆ. ಮುನಾಫ್ ಗೋಡೆಗೆ ಒರಗಿ, ಮೊದಲಿನ ಜಾಗದಲ್ಲೇ. ಹಸಿವು ಎಂದ. ಏನು ಬೇಕು ಎಂದೆ. ಹಾಗಲಕಾಯಿ. ನನಗೂ ಅದೇ ಬಾಯಿಗೆ ಬಂದಿತ್ತು.

ಬಿಲ್ಲು ಮಿಡಿಯಿತು. ಗಾಳಿ ಇಲ್ಲ.

ಅವನು ಕಣ್ಣು ಮುಚ್ಚಿದ್ದಾನೆ. ಎಚ್ಚರವಿದ್ದಾನೆ. "ಪೆನ್ನು ಕೈಯಾಗ ಐತಲ್ಲ. ಬರಕೋ ಅಕ್ಕ, ಮೂರನೇದು" ಎನ್ನುತ್ತಿದ್ದಾನೆ. ನನಗೆ ಇನ್ನೂ ಬಂದಿಲ್ಲ. ಬಂದಿಲ್ಲ ಎಂದು ಈ ಪುಟದ ಮೇಲೆ ಆಣೆ ಇಡುತ್ತೇನೆ. ಅವನು ಶುರು ಮಾಡಿದ. ದನಿ ನನ್ನದು. ಬರೆಯುತ್ತಿದ್ದೇನೆ, ಅವನು ಹೇಳಿದ ಹಾಗೆ—

ಊರಿಗೆಲ್ಲ ಗಾದಿ ಹೊಲಿದು
ನೆಲದ ಮ್ಯಾಲೆ ಮಲಗಿದವರು
ಎದ್ದು